ಗೋಡೆ ನೋಡುವ ಸರ್ ಮತ್ತು ಕೂಡದ ಜೋಡಿಗಳು

ನಮ್ಮ ಅಂಗಡಿಯ ಮಾಲಕರಿಗೆ ಒಂದು ಅಭ್ಯಾಸ. ಹೊಸ ಕಂಪ್ಯೂಟರ್ ಜೋಡಿಸಿ ಮೊದಲ ಸಲ ಬಟನ್ ಒತ್ತುವಾಗ ಅವರು ಮುಖ ತಿರುಗಿಸಿ ಗೋಡೆ ನೋಡುತ್ತಾರೆ. ಒತ್ತುವುದು ಅವರದೇ ಬೆರಳು, ಕಣ್ಣು ಮಾತ್ರ ಗೋಡೆಯ ಮೇಲೆ. ಪಕ್ಕದಲ್ಲಿದ್ದವರು ಯಾರಾದರೂ "ಸರ್, ಸ್ಕ್ರೀನ್ ಬಂತು" ಅಂದಮೇಲೆಯೇ ಈ ಕಡೆ ತಿರುಗುವುದು. ಇಪ್ಪತ್ತು ವರ್ಷದಿಂದ ಪುಣೆಯ ಅರ್ಧ ಪೇಟೆಗೆ ಕಂಪ್ಯೂಟರ್ ಕಟ್ಟಿಕೊಟ್ಟ ಮನುಷ್ಯನೇ ಗೋಡೆ ನೋಡಿದರೆ, ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ನಾನು ಎತ್ತ ನೋಡಬೇಕಿತ್ತು?

ನಾನು ನೆಲ ನೋಡುತ್ತಿದ್ದೆ. ಅದೇ ತೊಂದರೆ.

ಗೇಮ್ ಆಡುವವರಿಗೆ ಯಾವ ಪ್ರೊಸೆಸರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆ ಅಂತ ಹೇಳುವುದು ನನ್ನ ಕೆಲಸ. ಪ್ರೊಸೆಸರ್ ಯೋಚಿಸುತ್ತದೆ, ಕಾರ್ಡ್ ಚಿತ್ರ ಬಿಡಿಸುತ್ತದೆ. ಯೋಚಿಸುವುದು ನಿಧಾನವಾದರೆ ಬಿಡಿಸುವುದು ಕೈಕಟ್ಟಿ ಕೂರುತ್ತದೆ, ಬಿಡಿಸುವುದು ನಿಧಾನವಾದರೆ ಯೋಚಿಸಿದ್ದೆಲ್ಲ ದಂಡ. ಇದಿಷ್ಟು ನನಗೆ ಚೆನ್ನಾಗಿ ಗೊತ್ತು. ಆದರೆ ಎದುರಿಗೆ ನಿಂತ ಮನುಷ್ಯನ ಮುಖ ನೋಡಿ "ಬೇಡ, ಈ ಜೋಡಿ ಆಗಲ್ಲ" ಅನ್ನುವುದು ಮಾತ್ರ ಬರುತ್ತಿರಲಿಲ್ಲ.

ಸೇರಿದ ದಿನವೇ ಸರ್ ಹೇಳಿದ್ದರು: "ಬೇಟಾ, ಕೈಯಿಲ್ಲದೆ ಕಂಪ್ಯೂಟರ್ ಮಾರೋನು ಸಿಗ್ತಾನೆ, 'ಇಲ್ಲ' ಅನ್ನದೆ ಮಾರೋಕಾಗಲ್ಲ. ಮೂರು ತಿಂಗಳು ನೋಡ್ತೀನಿ. ಗಿರಾಕಿಗೆ ಎದುರೆದುರೇ 'ಇಲ್ಲ' ಅಂದ ದಿನ ಕೌಂಟರ್ ನಿಂದು." ಇಲ್ಲದಿದ್ದರೆ ಏನು ಅಂತ ಅವರು ಹೇಳಲಿಲ್ಲ. ಅಪ್ಪ ಹೇಳಿದ: "ರಾಂಜಣಗಾಂವದಾಗ ಫ್ಯಾಕ್ಟರಿ ಆಫೀಸಿನಾಗ ಜಾಗಾ ಖಾಲಿ ಅದ. ಕಂಪನಿ ಬಸ್ಸು ಮುಂಜಾನಿ ಐದಕ್ಕ ಬರ್ತದ." ಐದು ಗಂಟೆಯ ಆ ಬಸ್ಸು ಮೂರು ತಿಂಗಳೂ ನನ್ನ ಎದೆಯ ಮೇಲೆ ಇಂಜಿನ್ ಆರಿಸದೆ ನಿಂತಿತ್ತು.

ಅಂಥ ಎದೆ ಇಟ್ಟುಕೊಂಡವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಒಂದು ಭಾಷಣ, ಒಬ್ಬ ಶ್ರೋತೃ

ಮೊದಲ ವಾರ. ಕಾಲೇಜಿನ ಹುಡುಗನೊಬ್ಬ ಹಳೆಯ ಸಣ್ಣ ಪ್ರೊಸೆಸರ್‌ಗೆ ಅಂಗಡಿಯ ಅತಿ ದೊಡ್ಡ ಕಾರ್ಡ್ ಬೇಕು ಅಂದ. "ಒಂದ್ನಿಮಿಷ" ಅಂತ ಒಳಗೆ ಹೋದೆ. ಹೇಳಬೇಕಾದದ್ದನ್ನು ಮರಾಠಿಯಲ್ಲಿ ಚೀಟಿಯ ಮೇಲೆ ಬರೆದು, ಖಾಲಿ ಡಬ್ಬಿಗಳ ಎದುರು ಮೂರು ಸಲ ಒಪ್ಪಿಸಿದೆ. ಡಬ್ಬಿಗಳು ಒಪ್ಪಿದವು. ಉಸಿರು ಹಿಡಿದು ಹೊರಗೆ ಬಂದೆ. ನೆಲದ ಮೇಲೆ ಒಂದು ಜೊತೆ ಬೂಟು ಕಂಡಿತು. ಆ ಬೂಟಿಗೆ ಪೂರ್ತಿ ಭಾಷಣ ಒಪ್ಪಿಸಿದೆ. ದೊಡ್ಡ ಕಾರ್ಡ್ ಹಾಕಿದರೆ ಅರ್ಧ ಶಕ್ತಿ ಸುಮ್ಮನೆ ಕೂರುತ್ತದೆ, ಆಟ ನಡುನಡುವೆ ತಡೆಯುತ್ತದೆ, ಮೊದಲು ಪ್ರೊಸೆಸರ್ ಬದಲಿಸಬೇಕು, ಅವಸರ ಮಾಡಬೇಡಿ, ಮನೆಯಲ್ಲಿ ವಿಚಾರ ಮಾಡಿ. ನಿಲ್ಲಿಸದೆ ಹೇಳಿ ತಲೆಯೆತ್ತಿದೆ.

ಹುಡುಗ ಎಂದೋ ಹೋಗಿದ್ದ. ಎದುರಿಗೆ ಅರವತ್ತು ದಾಟಿದ ಅಜ್ಜ ಒಬ್ಬರು, ಬಗಲಲ್ಲಿ ಛತ್ರಿ, ಬಹಳ ಗಂಭೀರವಾಗಿ ಕೇಳುತ್ತ ನಿಂತಿದ್ದರು.

"ಎಲ್ಲ ಸರಿಯಮ್ಮ," ಅಂದರು, "ಹಾಗಾದರೆ ಮೌಸ್ ಪ್ಯಾಡ್ ತಗೊಳ್ಳಲೋ, ಬೇಡವೋ?"

ತಂಬಾಕಿನ ಲೆಕ್ಕ

ಅಪ್ಪ ಕೊಂಢವಾದಲ್ಲಿ ಕಟ್ಟಡ ಕೆಲಸದ ಮುಕಾದಮ. ಕಲಬುರಗಿ ಕಡೆಯ ಇಪ್ಪತ್ತು ಮಂದಿ ಆಳುಗಳು ಅವನ ಕೈಕೆಳಗೆ. ಊಟದ ಹೊತ್ತಿಗೆ ನನ್ನ ಮೋರೆ ನೋಡಿ, "ಏನವ್ವಾ, ಆ ನಿನ್ನ ಜೋಡಿ ಅಂದ್ರೇನು, ನನಗೂ ಸ್ವಲ್ಪ ಹೇಳು" ಅಂದ. ಹೇಳಿದೆ. ಮೊದಲ ತುತ್ತು ನುಂಗುವುದರೊಳಗೆ ಅವನಿಗೆ ತಿಳಿಯಿತು.

"ಇಷ್ಟೇ ಏನು? ಮಿಕ್ಸರ್ ಸಣ್ಣದು, ಸ್ಲ್ಯಾಬಿನ ಮ್ಯಾಲೆ ಮಂದಿ ಭಾಳ. ಮಾಲು ಬರೂತನಕ ಮಂದಿ ಕುಂತು ತಂಬಾಕ ತಿಕ್ಕತಾರ. ಪಗಾರ ಮಾತ್ರ ಪೂರಾ."

ಇಷ್ಟು ಚೆಂದದ ಮಾತು ಯಾವ ವೀಡಿಯೋದಲ್ಲೂ ಕೇಳಿರಲಿಲ್ಲ. ಮರುದಿನ ಮಗನಿಗೆ ಕಂಪ್ಯೂಟರ್ ಕೊಡಿಸಲು ದಪ್ಪ ಉಂಗುರದ ಯಜಮಾನರೊಬ್ಬರು ಬಂದಾಗ, ಕಣ್ಣು ಉಂಗುರದ ಮೇಲಿಟ್ಟು ಅಪ್ಪನ ಮಾತನ್ನೇ ಹೇಳಿಬಿಟ್ಟೆ. ಮಿಕ್ಸರ್ ಸಣ್ಣದು, ಮಂದಿ ಜಾಸ್ತಿ, ಎಲ್ಲರೂ ತಂಬಾಕು ತಿಕ್ಕುತ್ತ ಕೂರುತ್ತಾರೆ.

ಅವರು ಉಂಗುರದ ಕೈ ಕೌಂಟರಿನ ಮೇಲೆ ಊರಿ ಬಗ್ಗಿದರು. ಆಮೇಲೆ ಮೆಲ್ಲಗೆ, "ಇದು ನಿನಗೆ ಯಾರು ಹೇಳಿದ್ದು?" ಅಂದರು. ನಾನು ಉಂಗುರಕ್ಕೇ, "ಎಲ್ಲರಿಗೂ ಗೊತ್ತಿರೋದೇ ಸರ್" ಅಂದೆ. ಅವರು ಫೋನ್ ಕಿವಿಗಿಟ್ಟುಕೊಂಡು ಹೊರಗೆ ನಡೆದವರು ತಿರುಗಿ ಬರಲಿಲ್ಲ.

ಸಂಜೆ ಅಪ್ಪ ಮನೆಗೆ ಬಂದವನೇ ಚಪ್ಪಲಿ ಎಸೆದ. "ಯಾವ ಹಲ್ಕಟ್ ಸೂಳೆಮಗ ಬಿಲ್ಡರ್ ಶೇಠನ ಕಿವಿ ಊದ್ಯಾನೋ ಏನೋ! ಇವತ್ತಿನಿಂದ ಸೈಟಿನಾಗ ತಂಬಾಕ ಬಂದ್!"

ನಾನು ರೊಟ್ಟಿ ಬಡಿಸಿದೆ. ಎರಡು ಹೆಚ್ಚಿಗೇ ಬಡಿಸಿದೆ.

ಸ್ಟಿಕರ್ ಕೆಳಗೆ ಎಷ್ಟು?

ಬೆಂಗಳೂರಿನಿಂದ ಬಂದು ಇಲ್ಲಿ ಸಾಫ್ಟ್‌ವೇರ್ ಕಂಪನಿ ಸೇರಿದ ಒಬ್ಬರಿಗೆ ಒಳ್ಳೆಯ ಜೋಡಿಯನ್ನೇ ಕೊಟ್ಟಿದ್ದೆವು. ಆದರೂ ಸೆಕೆಂಡಿಗೆ ಎಷ್ಟು ಚಿತ್ರ ಅಂತ ಸ್ಕ್ರೀನಿನ ಮೂಲೆಯಲ್ಲಿ ಕಾಣುವ ಸಂಖ್ಯೆ ಹಿಡಿದು ದಿನಕ್ಕೊಂದು ಫೋನ್. "ಮೇಡಂ, ಸೆಕೆಂಡಿಗೆ ನೂರಾ ಹತ್ತು ಫ್ರೇಮ್ ಬರ್ತಾ ಇತ್ತು, ಈಗ ನೂರಾ ಏಳು. ಪ್ರೊಸೆಸರ್ ಕಾರ್ಡನ್ನ ಹಿಡಿದು ಎಳೀತಾ ಇದೆಯಾ?" ಮರುದಿನ, "ನೂರಾ ನಾಲ್ಕು ಮೇಡಂ. ನನಗೆ ತುಂಬಾ ಟೆನ್ಷನ್ ಆಗ್ತಾ ಇದೆ."

ಸ್ವತಃ ಹೆದರುಪುಕ್ಕಲಿಯಾದ ನನ್ನನ್ನು ಒಬ್ಬ ಮನುಷ್ಯ ಧೈರ್ಯಕ್ಕಾಗಿ ಹುಡುಕಿದ್ದು ಅದೇ ಮೊದಲು. "ಯಾವ ಆಟದಲ್ಲಿ ಹೀಗಾಗ್ತಿದೆ ಸರ್?" ಕೇಳಿದೆ.

"ಆಟಾನಾ? ಆಟ ಇನ್ನೂ ಶುರು ಮಾಡಿಲ್ಲ ಮೇಡಂ. ಟೆಸ್ಟ್ ಹಾಕಿ ನಂಬರ್ ನೋಡ್ತಾ ಇದೀನಿ. ಮೊದಲು ಇದು ಸರಿ ಹೋಗ್ಲಿ."

ಒಂದು ದಿನ ಪೆಟ್ಟಿಗೆ ಹೊತ್ತು ಅಂಗಡಿಗೇ ಬಂದರು. ನೋಡಿದೆ, ಯಾವ ದೋಷವೂ ಇಲ್ಲ. "ನಿಮ್ಮ ತಲೆಯಲ್ಲಿ ದೋಷ" ಅಂತ ಹೇಳಲಾದೀತೇ? ಸ್ಕ್ರೀನಿನ ಮೂಲೆಯಲ್ಲಿ ಸಂಖ್ಯೆ ಕಾಣುವ ಜಾಗದಷ್ಟೇ ದೊಡ್ಡದಾದ ಅಂಗಡಿಯ ಸ್ಟಿಕರ್ ಒಂದನ್ನು ಕೈಗೆ ಕೊಟ್ಟು, "ಇದನ್ನ ಆ ಮೂಲೆಗೆ ಅಂಟಿಸಿ ಆಟ ಆಡಿ" ಅಂದೆ. ಬಾಯಿಯಿಂದ ಬರದ "ಇಲ್ಲ" ಅವತ್ತು ಅಂಟಿನ ರೂಪದಲ್ಲಿ ಬಂದಿತ್ತು.

ನಾಲ್ಕು ದಿನ ಫೋನ್ ಇಲ್ಲ. ಐದನೆಯ ದಿನ ಬಂತು. "ಮೇಡಂ, ಥ್ಯಾಂಕ್ಸ್. ಎಷ್ಟು ಚೆನ್ನಾಗಿ ಆಡ್ತಾ ಇದೀನಿ ಗೊತ್ತಾ! ತುಂಬಾ ಖುಷಿ ಆಯ್ತು." ನನಗೆ ಕಣ್ಣಲ್ಲಿ ನೀರು ಬಂತು. ಆಗ ಅವರು ದನಿ ತಗ್ಗಿಸಿದರು.

"ಒಂದೇ ಡೌಟು ಮೇಡಂ. ಸ್ಟಿಕರ್ ಕೆಳಗೆ ಈಗ ಎಷ್ಟಿರಬಹುದು?"

ಘಾಟಿಯಲ್ಲಿ ನಿಂತ ಬಸ್ಸು

ಕೊನೆಯದು ಮೂರು ತಿಂಗಳು ಮುಗಿಯುವ ಶನಿವಾರದ್ದು.

ಸರ್ ದಿನಾ ಊಟ ಮಾಡುವ ಹೋಟೆಲಿನ ಮಾಲಕರು ಕುಂದಾಪುರದ ಕಡೆಯವರು. ನಾವೆಲ್ಲ ಮಾಮ ಅಂತೇವೆ. ಮಧ್ಯಾಹ್ನ ಮೂರರಿಂದ ಐದು ಹೋಟೆಲ್ ಬಾಗಿಲು ಹಾಕಿ, ಮೇಲಿನ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತು ಮಾಮ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಾರೆ. ಅದೊಂದೇ ಆಟ. ಆ ಆಟಕ್ಕೆಂದು ಹೊಸ ಕಂಪ್ಯೂಟರ್ ಬೇಕಾದಾಗ, ಜೋಡಿ ಆರಿಸುವ ಕೆಲಸವನ್ನು ಸರ್ ಮೊದಲ ಬಾರಿಗೆ ಪೂರ್ತಿ ನನಗೇ ಬಿಟ್ಟರು. ಹದವಾದ ಪ್ರೊಸೆಸರ್, ಅದಕ್ಕೆ ತಕ್ಕ ಕಾರ್ಡ್. ಎರಡು ದಿನ ಯೋಚಿಸಿ ಕೂಡಿಸಿದ ಜೋಡಿ. ಗೆಳೆಯನ ಮನೆಯೆಂದು, ಒಯ್ದು ಕೂಡಿಸಿ ಬಂದದ್ದು ಸ್ವತಃ ಸರ್.

ವಾರದೊಳಗೆ ಮಾಮನ ಫೋನ್. "ಎಂತದು ಮಾರಾಯ್ರೆ, ಬಸ್ಸು ಘಾಟಿ ಹತ್ತುವುದೇ ಇಲ್ಲ! ತಿರುವಿನಲ್ಲಿ ನಿಂತು ನಿಂತು ಹೋಗ್ತದೆ."

ಸರ್ ಫೋನ್ ಇಟ್ಟು ನನ್ನ ಕಡೆ ನೋಡಿದರು. "ಜೋಡಿ ತಪ್ಪಿದೆ" ಅಂದರು. ಅಷ್ಟೇ. ನನಗೆ ಐದು ಗಂಟೆಯ ಬಸ್ಸಿನ ಹಾರ್ನ್ ಕೇಳಿಸಿತು.

ಶನಿವಾರ ಮೂರಕ್ಕೆ ಇಬ್ಬರೂ ಹೋದೆವು. ಮಾಮ ಆಗಲೇ ಡ್ರೈವಿಂಗಿನಲ್ಲಿದ್ದರು. ಪೆಟ್ಟಿಗೆಯ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ವಾಹನ ಅಲ್ಲವೇ, ಅದಕ್ಕೆ. ಪಕ್ಕದ ಕುರ್ಚಿಯಲ್ಲಿ ಮಾಮನ ಅಮ್ಮ, ಎಂಬತ್ತರ ಅಜ್ಜಿ, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಲಿಂಬೆಹಣ್ಣು ಮೂಸುತ್ತ ಕೂತಿದ್ದರು. ಪಾಪ, ಘಾಟಿಯಲ್ಲಿ ಅವರಿಗೆ ವಾಂತಿ ಬಂದ ಹಾಗಾಗುತ್ತದಂತೆ.

"ನಿಧಾನ ಹೋಗು ಮಗಾ, ತಿರುವು ಉಂಟು," ಅಂದರು ಅಜ್ಜಿ.

"ನಿಧಾನವೇ ಅಮ್ಮ, ಇದಕ್ಕಿಂತ ನಿಧಾನ ಹೋದರೆ ಹಿಂದೆ ಬರ್ತದೆ," ಅಂದರು ಮಾಮ.

ನಿಜವೇ. ಬಸ್ಸು ಎರಡು ಮಾರು ಹೋಗಿ ನಿಲ್ಲುತ್ತಿತ್ತು, ಮತ್ತೆ ಎರಡು ಮಾರು. ಸರ್ ಗಂಟಲು ಸರಿಮಾಡಿಕೊಂಡು, "ಪ್ರೊಸೆಸರ್ ಬದಲಿಸೋಣ. ಹುಡುಗಿ ಹೊಸಬಳು, ಜೋಡಿ ತಪ್ಪಿಸಿದ್ದಾಳೆ" ಅಂದರು, ಎಲ್ಲರೆದುರು. ಯಾರ ಮುಖವನ್ನೂ ನೋಡಲಾಗದೆ ಮೇಜಿನ ಹಿಂದೆ ಬಗ್ಗಿ ಕೂತೆ.

ಅಲ್ಲಿ ಕಂಡಿತು.

ಪೆಟ್ಟಿಗೆಯ ಬೆನ್ನಿಗೆ ಒಂದೇ ಥರದ ಎರಡು ಕಡೆ ಸ್ಕ್ರೀನಿನ ಕೇಬಲ್ ಚುಚ್ಚಬಹುದು. ಒಂದು ಕಾರ್ಡಿನದು. ಇನ್ನೊಂದು ಬರೀ ಪ್ರೊಸೆಸರಿನದು, ಅದರೊಳಗೂ ಚಿತ್ರ ಬಿಡಿಸುವ ಶಕ್ತಿ ಒಂದು ಚೂರು ಇರುತ್ತದೆ. ಕೇಬಲ್ ಈ ಎರಡನೆಯದರಲ್ಲಿತ್ತು. ಕಾರ್ಡಿನ ಬಾಯಿಗೆ ಕಾರ್ಖಾನೆಯಲ್ಲಿ ಹಾಕಿದ ರಬ್ಬರ್ ಮುಚ್ಚಳ ಹಾಕಿದಂತೆಯೇ ಇತ್ತು. ಅಷ್ಟು ಒಳ್ಳೆಯ ಕಾರ್ಡು ಒಂದು ವಾರದಿಂದ ತಂಬಾಕು ತಿಕ್ಕುತ್ತ ಕೂತಿತ್ತು, ಪ್ರೊಸೆಸರ್ ಒಂದೇ ಇಡೀ ಬಸ್ಸು ಎಳೆಯುತ್ತಿತ್ತು.

ಹೇಗಾಯಿತೆಂದು ಕಣ್ಣಿಗೆ ಕಟ್ಟಿತು. ಸರ್ ಕೈ ಹಿಂದೆ ಹಾಕಿ ತಡವಿ ಕೇಬಲ್ ಚುಚ್ಚಿದ್ದಾರೆ, ಬಟನ್ ಒತ್ತಿದ್ದಾರೆ, ಗೋಡೆ ನೋಡಿದ್ದಾರೆ. ಅಜ್ಜಿ "ಬಸ್ಸು ಬಂತು" ಅಂದಿದ್ದಾರೆ. ಮುಗಿಯಿತು.

"ಸರ್," ಅಂದೆ.

"ಒಂದ್ನಿಮಿಷ ಬೇಟಾ."

"ಸರ್..."

"ನೀವು ಮಾತಾಡಿ ಪ್ರಯೋಜನ ಇಲ್ಲ," ಅಂತ ಅಜ್ಜಿ ನಡುವೆ ಎದ್ದರು. "ಇದು ದೃಷ್ಟಿ. ಹೋಟೆಲಿಗೆ ಎಷ್ಟು ಜನ ಬರ್ತಾರೆ, ಯಾರ ಕಣ್ಣು ಹೇಗೋ! ಮಗಾ, ಬಸ್ಸು ಆರಿಸು."

ಓಡುವ ಗಾಡಿಗೆ ದೃಷ್ಟಿ ತೆಗೆಯಬಾರದಂತೆ. ಮಾಮ ಕಂಪ್ಯೂಟರನ್ನೇ ಆರಿಸಿದರು. ಅಜ್ಜಿ ಮೂಸುತ್ತಿದ್ದ ಲಿಂಬೆಹಣ್ಣನ್ನೇ ಹಿಡಿದು ಪೆಟ್ಟಿಗೆಗೆ ಮೂರು ಸುತ್ತು ನೀವಾಳಿಸಿದರು. ಮಾಮ ಕಣ್ಣು ಮುಚ್ಚಿ ಕೈಮುಗಿದರು. ಸರ್ ಕೂಡ, ಯಾವುದಕ್ಕೂ ಇರಲಿ ಅಂತ, ಕಣ್ಣು ಮುಚ್ಚಿದರು. ಮೂರನೆಯ ಸುತ್ತಿಗೆ ನಾನು ಮುಚ್ಚಳ ಕಿತ್ತು ಕೇಬಲ್ ಬದಲಿಸಿದೆ.

ಸರ್ ಬಟನ್ ಒತ್ತಿ ಗೋಡೆ ನೋಡಿದರು. ಬಸ್ಸು ಹೊರಟಿತು. ಹೊರಟಿತು ಅಂದರೆ, ಹಾರಿತು! ಘಾಟಿ ಬೆಣ್ಣೆಯ ಹಾಗೆ ಜಾರಿತು. ಅಜ್ಜಿ ಎರಡೂ ಕೈಯಲ್ಲಿ ಮೇಜು ಹಿಡಿದು, "ಅಯ್ಯೋ ಮಗಾ, ಬ್ರೇಕು! ಬ್ರೇಕು!" ಅಂತ ಕೂಗಿದರು.

"ಎಂತ ಹೇಳ್ತೀರಿ ಶೇಠ್?" ಅಂದರು ಮಾಮ, ಸ್ಟೇರಿಂಗ್ ಬಿಡದೆ. "ನಿಮ್ಮದು ಇಪ್ಪತ್ತು ವರ್ಷ. ನಮ್ಮ ಅಮ್ಮನದು ಒಂದು ಲಿಂಬೆಹಣ್ಣು."

ಸರ್ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಲಿಂಬೆಹಣ್ಣು ಉಳಿಸಿತು. ಆದರೂ ಜೋಡಿ ತಪ್ಪೇ" ಅಂದರು.

ನಾನು ಮೇಜಿನ ಹಿಂದಿನಿಂದ ಎದ್ದೆ. ತಲೆಯೆತ್ತಿ ಅವರ ಮುಖವನ್ನೇ ನೋಡಿದೆ. ಎಡಗಣ್ಣಿನ ಮೇಲೆ ಒಂದು ಸಣ್ಣ ಮಚ್ಚೆ ಇದೆ ಅಂತ ಅವತ್ತೇ ಗೊತ್ತಾದದ್ದು.

"ಇಲ್ಲ ಸರ್," ಅಂದೆ. "ಜೋಡಿ ಸರಿ ಇತ್ತು." ಅಂಗೈ ಬಿಚ್ಚಿದೆ. ಕಪ್ಪು ರಬ್ಬರ್ ಮುಚ್ಚಳ.

ಸರ್ ಅದನ್ನು ನೋಡಿದರು. ಪೆಟ್ಟಿಗೆಯ ಬೆನ್ನು ನೋಡಿದರು. ತಮ್ಮ ಬಲಗೈಯನ್ನೂ ಒಮ್ಮೆ ನೋಡಿಕೊಂಡರು. ಮಾಮ ಹಾರ್ನ್ ಹೊಡೆಯುತ್ತ ಇಳಿಜಾರಿನಲ್ಲಿದ್ದರು, ಅಜ್ಜಿ ಕಣ್ಣು ಮುಚ್ಚಿದ್ದರು.

ಬಿಟ್ಟರೆ ಮತ್ತೆ ಬಾಯಿ ಬರುವುದಿಲ್ಲ ಅನಿಸಿತು. ಕೇಳಿಯೇಬಿಟ್ಟೆ.

"ಸರ್, ಇವತ್ತಿಗೆ ಮೂರು ತಿಂಗಳಾಯ್ತು. ಸೋಮವಾರದಿಂದ ನಾನು ಕೌಂಟರಿಗೆ ಕೂತ್ಕೊಳ್ಳಲಾ?"

"ಕೂತ್ಕೋ ಬೇಟಾ," ಅಂದರು ಸರ್.

ಕಂಪ್ಯೂಟರ್ ಓಡುತ್ತಲೇ ಇತ್ತು. ಯಾರೂ ಯಾವ ಬಟನ್ನನ್ನೂ ಒತ್ತಿರಲಿಲ್ಲ. ಆದರೂ ಸರ್ ನಿಧಾನಕ್ಕೆ ಗೋಡೆಯ ಕಡೆ ತಿರುಗಿದರು.