ಕೂತಲ್ಲೇ ಏರಿದ ಗುಮಾಸ್ತ

ಅವಾಂತರಕ್ಕೆಲ್ಲ ಮೂಲ, ಭಾವಮೈದುನ ಪ್ರೀತಿಯಿಂದ ಕೊಟ್ಟ ಕೈಗಡಿಯಾರ. ಗಂಟೆಯ ಜೊತೆಗೆ, ಕಟ್ಟಿಕೊಂಡವರು ಎಷ್ಟು ಎತ್ತರದಲ್ಲಿದ್ದಾರೆ ಎಂಬುದನ್ನೂ ಅದು ತೋರಿಸುತ್ತಿತ್ತು. ಕೊಟ್ಟದ್ದಾದರೂ ಯಾರಿಗೆ? ಮನೆಯ ಬಲ್ಬನ್ನು ಹೆಂಡತಿಯ ಕೈಲೇ ಹಾಕಿಸುವ, ಎತ್ತರವೆಂದರೆ ಬೆವರುವ ವಿಮಾ ಕಚೇರಿಯ ಗುಮಾಸ್ತನಿಗೆ. ನೆಲಮಹಡಿ ಬಿಟ್ಟು ಮೇಲಕ್ಕೆ ಕಾಲಿಡದ ಅವನಿಗೆ ಕಚೇರಿಯವರು ಇಟ್ಟ ಹೆಸರು ನೆಲಗಡಲೆ.

ಬೆಳಿಗ್ಗೆ ಕುರ್ಚಿಯಲ್ಲಿ ಕೂತ ನೆಲಗಡಲೆ ಗಡಿಯಾರದ ಗುಂಡಿ ಒತ್ತಿದ. ಒಂಬೈನೂರ ಹನ್ನೆರಡು ಮೀಟರ್!

ಪಕ್ಕದ ಟೈಪಿಸ್ಟ್ ಬಗ್ಗಿ ನೋಡಿದಳು. "ಅದು ಸಮುದ್ರದಿಂದ ಲೆಕ್ಕ ಕಣ್ರೀ. ನಮ್ಮೂರೇ ಅಷ್ಟು ಎತ್ತರದಲ್ಲಿದೆ."

"ಅಂದ್ರೆ ಹುಟ್ಟಿದಾಗಿನಿಂದ ನಾನು ಇಷ್ಟು ಮೇಲೆ ಓಡಾಡ್ತಿದ್ದೀನಾ? ಒಬ್ಬರಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಅಲ್ಲಿಗೆ ಶುರುವಾಯಿತು. ನಿನ್ನೆಯವರೆಗೆ ಗಟ್ಟಿಯಾಗಿದ್ದ ನೆಲ ಹಳೇ ಮಂಚದ ಹಾಗೆ ಅಲುಗಾಡತೊಡಗಿತು. ಕ್ಯಾಷಿಯರ್ ಓಡಿ ಬಂದು ತಲೆ ತಗ್ಗಿಸಲು ಹೇಳಿದ. ಜವಾನ, "ಶೂ ಬಿಚ್ಚಿ ಸ್ವಾಮಿ, ಒಂದಿಂಚಾದ್ರೂ ಇಳೀತೀರಿ" ಎಂದ. ನೆಲಗಡಲೆ ಬಿಚ್ಚಿದ. ಗಡಿಯಾರ ನೋಡಿದರೆ ಒಂಬೈನೂರ ಮೂವತ್ತು!

"ಇಳಿಸ್ತೀನಿ ಅಂತ ಏರಿಸಿಬಿಟ್ಯಲ್ಲೋ!" ಎಂದವನೇ ಮೇಜಿನಡಿ ನುಗ್ಗಿ, ಮಕಾಡೆ ಮಲಗಿ, ಅದರ ಕಾಲು ತಬ್ಬಿಕೊಂಡ.

ಕೌಂಟರಿಗೆ ಬಂದ ಮುದುಕರೊಬ್ಬರು ಕೇಳಿದರು: "ಗುಮಾಸ್ತರು ಎಲ್ಲಮ್ಮಾ?"

"ಕೆಳಗಿದ್ದಾರೆ. ಆದ್ರೆ ಮೇಲಿದ್ದೀನಿ ಅಂತಾರೆ," ಎಂದಳು ಟೈಪಿಸ್ಟ್.

ಮಧ್ಯಾಹ್ನದ ಹೊತ್ತಿಗೆ ಗಡಿಯಾರ ಇನ್ನಷ್ಟು ಏರಿತ್ತು. ಮೇಜಿನಡಿಯಿಂದಲೇ ನೆಲಗಡಲೆ ಭಾವಮೈದುನನಿಗೆ ಫೋನ್ ಹಚ್ಚಿದ.

ಅತ್ತ ಕಡೆಯಿಂದ ಬಿದ್ದು ಬಿದ್ದು ನಗುವ ಸದ್ದು. "ಭಾವ, ಅದು ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತೆ. ಮಳೆ ಬರೋ ಮುಂಚೆ ಒತ್ತಡ ಇಳಿಯುತ್ತೆ, ಅದು ಪಾಪ ಏರ್ತಿದ್ದೀವಿ ಅಂದ್ಕೊಳ್ಳುತ್ತೆ. ನೀವು ಇದ್ದಲ್ಲೇ ಇದ್ದೀರಿ. ನಿಮ್ಮ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಬಂಡೆ. ಬೀಳ್ಬೇಕು ಅಂದ್ರೂ ಜಾಗ ಇಲ್ಲ!"

ಹೊರಗೆ ದಪ್ಪ ಹನಿ ಉದುರಿದವು. ಬೀಳಲು ಜಾಗವೇ ಇಲ್ಲ! ನೆಲಗಡಲೆಯ ಎದೆಯ ಮೇಲಿಂದ ಬೀರು ಎತ್ತಿಟ್ಟಂತಾಯಿತು. ಕಣ್ಣಲ್ಲಿ ನೀರೇ ಬಂತು. ಹೊರಗೆ ತೆವಳಿ ಬಂದು ಕುರ್ಚಿ ಹತ್ತಿದ. ಸಾಲದೆಂದು ಕಾಲುಚೀಲದಲ್ಲೇ ಮೇಜು ಹತ್ತಿ ನಿಂತ.

"ನೋಡ್ರಪ್ಪಾ, ಇನ್ನು ಯಾವ ಎತ್ತರಕ್ಕೂ ಹೆದರಲ್ಲ ನಾನು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್.

"ಬದುಕಿಸಿದ್ರಿ ಕಣ್ರೀ! ಹನ್ನೊಂದನೇ ಮಹಡಿಗೆ ಒಬ್ಬರನ್ನ ಕಳ್ಸಿ ಅಂತ ಮೇಲಿನವರು ನನ್ನ ಪ್ರಾಣ ತಿಂತಿದ್ರು. ನಿಮ್ಮನ್ನೇ ಕೇಳಿದ್ರು. ಪಾಪ ಅಂತ ತಡೆದಿಟ್ಟಿದ್ದೆ. ಸದ್ಯ, ನನ್ನ ತಲೆನೋವು ಕಳೀತು. ನಾಳೆಯಿಂದ್ಲೇ ಹೋಗಿ. ಕಿಟಕಿ ಪಕ್ಕದ ಸೀಟು, ಒಳ್ಳೇ ಗಾಳಿ!"

ನೆಲಗಡಲೆ ನಿಧಾನವಾಗಿ ಬಗ್ಗಿ ತಾನು ನಿಂತಿದ್ದ ಮೇಜನ್ನೂ ಅದರ ಕೆಳಗಿನ ನೆಲವನ್ನೂ ನೋಡಿದ.

"ಹೋಗ್ತೀನಿ ಸರ್," ಎಂದ ಕೀರಲು ದನಿಯಲ್ಲಿ. "ಮೊದಲು ಯಾರಾದ್ರೂ ನನ್ನನ್ನ ಇಲ್ಲಿಂದ ಕೆಳಗಿಳಿಸಿ."