ಗೇರು ಬಲ ಐತ್ರಿ

ಐವತ್ತರ ಹತ್ತಿರ ಬಂದ ಗಂಡಸಿಗೆ ಬೈಕು ಓಡಿಸಲು ಬರುವುದಿಲ್ಲ ಎಂದರೆ ಜನ ಕಾಯಿಲೆಯವನನ್ನು ನೋಡಿದ ಹಾಗೆ ನೋಡುತ್ತಾರೆ. ಈಜು ಬಾರದಿದ್ದರೆ ಯಾರೂ ಕೇಳುವುದಿಲ್ಲ. ಹಾಡಲು ಬಾರದಿದ್ದರೆ ನೆರೆಹೊರೆಯವರು ಸಂತೋಷವನ್ನೇ ಪಡುತ್ತಾರೆ. ಬೈಕು ಬಾರದಿದ್ದರೆ ಮಾತ್ರ "ಅಯ್ಯ, ಹೌದೇನ್ರಿ? ಮತ್ತ ತರಕಾರಿ ಹೆಂಗ್ ತರ್ತೀರಿ?" ಎಂದು ಮರುಗುತ್ತಾರೆ. ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಕನ್ನಡ ಮೇಷ್ಟ್ರು. ಇಷ್ಟು ವರ್ಷವೂ ತರಕಾರಿಯನ್ನು ಕೈಚೀಲದಲ್ಲಿ ನಡೆದೇ ತಂದಿದ್ದೇನೆ, ಯಾವ ಬದನೆಕಾಯಿಯೂ ದೂರು ಕೊಟ್ಟಿಲ್ಲ. ನನ್ನ ದುಃಖವೇ ಬೇರೆ. ಸೊರಬದ ಮಾವನ ಮನೆಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿಗೆ ಬೈಕು ತರುತ್ತಿದ್ದವನು ನನ್ನ ಹೆಂಡತಿಯ ತಮ್ಮ ಮಂಜು. ಮೊದಲು ಅಕ್ಕನನ್ನು ಮನೆಗೆ ಬಿಟ್ಟು, ಎರಡನೇ ಟ್ರಿಪ್ಪಿಗೆ ನನ್ನನ್ನೂ ಬ್ಯಾಗನ್ನೂ ಒಟ್ಟಿಗೆ ಸಾಗಿಸುತ್ತಿದ್ದ. "ಗಟ್ಟಿ ಹಿಡ್ಕಳಿ ಭಾವ, ಹೆದ್ರಬೇಡಿ" ಎಂದು ಪೇಟೆಗೆಲ್ಲ ಕೇಳುವಂತೆ ಹೇಳುತ್ತಿದ್ದ. ಅಳಿಯನಾದವನು ಭಾಮೈದನ ಸೊಂಟ ಹಿಡಿದುಕೊಂಡು ಮಾವನ ಅಂಗಳದಲ್ಲಿ ಬಂದಿಳಿಯುವುದಿದೆಯಲ್ಲ, ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಹಾಗಾಗಿ ಬೈಕು ಕೊಳ್ಳುವುದೆಂದು ತೀರ್ಮಾನಿಸಿದೆ. ಕಲಿಯುವವನಿಗೆ ಹಳೇ ಗಾಡಿಯೇ ಸರಿ, ಬಿದ್ದರೂ ಹೊಟ್ಟೆ ಉರಿಯುವುದಿಲ್ಲ ಎಂಬುದು ಸ್ಟಾಫ್ ರೂಮಿನ ಒಮ್ಮತದ ಅಭಿಪ್ರಾಯ. ನನ್ನ ಹೆಂಡತಿ ಸರೋಜ ಬೇಡ ಎನ್ನಲಿಲ್ಲ, ಷರತ್ತು ಹಾಕಿದಳು. "ಒಂದ್ಸಲ ನನ್ನ ಹಿಂದೆ ಕೂರಿಸ್ಕಂಡು ಸೊರಬಕ್ಕೆ ಕರ್ಕಂಡ್ ಹೋಗ್ಬೇಕು. ದಾರೀಲಿ ಬೀಳಿಸಿದ್ರೆ ಅವತ್ತೇ ಗಾಡಿ ಮಾರ್ಬೇಕು. ಆಮೇಲೆ ಜನ್ಮದಲ್ಲಿ ಬೈಕಿನ ಸುದ್ದಿ ಎತ್ತಬಾರ್ದು." ಒಪ್ಪಿದೆ. ಓಡಿಸಲು ಬಾರದವನ ಧೈರ್ಯಕ್ಕೆ ಸಾಟಿಯಿಲ್ಲ.

ಗಾಡಿ ಸಿಕ್ಕಿದ್ದು ಈಸೂರಿನಲ್ಲಿ, ಕುರಿ ಸಾಕುವ ಹನುಮಂತಪ್ಪನ ಮನೆಯಲ್ಲಿ. ಅವರಪ್ಪ ಕೊಂಡಿದ್ದಂತೆ. ನಾನು ಸ್ಲೇಟು ಹಿಡಿದು ಅ ಆ ಇ ಈ ತಿದ್ದುವಾಗಲೇ ಅದು ರಸ್ತೆಗಿಳಿದಿತ್ತು. ಕಪ್ಪು ಬಣ್ಣ, ಗುಡುಗುಡು ಸದ್ದು, ಎಮ್ಮೆಯ ಗಾಂಭೀರ್ಯ. ನಾನು ಬಲ್ಲವನ ಹಾಗೆ ಟೈರು ಒದ್ದು, ಹಾರ್ನು ಒತ್ತಿ ನೋಡಿದೆ. ಕುರಿಗಳೆಲ್ಲ ತಲೆಯೆತ್ತಿ ನನ್ನ ಕಡೆ ನೋಡಿದವು.

"ಗೇರು ಹೆಂಗಿದೆ?" ಎಂದೆ.

"ಗೇರು ಬಲ ಐತ್ರಿ ಮೇಷ್ಟ್ರ."

"ಭೇಷ್. ಬ್ರೇಕು?"

ಹನುಮಂತಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ಬ್ರೇಕು ಬಲ ಅಲ್ರೀ."

ತನ್ನ ಸರಕಿನ ದೋಷವನ್ನು ತಾನೇ ಹೇಳುವ ಮನುಷ್ಯ! ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂದು ಅವನ ಕೈ ಕುಲುಕಿದೆ. ಚೌಕಾಸಿ ಮಾಡದೆ ಕೊಂಡೆ. "ಚಿಂತೆ ಬೇಡ, ಬ್ರೇಕು ನಾನೇ ಬಲ ಮಾಡಿಸ್ಕೋತೀನಿ" ಎಂದು ಸಮಾಧಾನವನ್ನೂ ಹೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಯಾಕ್ರೀ, ಇದ್ದಂಗ ಇರ್ಲಿ ಬಿಡ್ರಿ" ಎಂದ.

ಮರುದಿನ, ಹನುಮಂತಪ್ಪ ಮನೆಗೆ ತಂದುಬಿಟ್ಟ ಗಾಡಿಯನ್ನು ನಮ್ಮ ಬೀದಿಯ ಮೆಕ್ಯಾನಿಕ್ಕಿನ ಮುಂದೆ ತಳ್ಳಿಕೊಂಡು ಹೋಗಿ ನಿಲ್ಲಿಸಿ, ಬ್ರೇಕು ಬಲ ಮಾಡಪ್ಪ ಎಂದಾಗ ಅವನು ಸ್ಪ್ಯಾನರು ಕೆಳಗಿಟ್ಟು ನಕ್ಕ. ಈಗಿನ ಗಾಡಿಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಈ ಹಳೇ ಗಾಡಿಯಲ್ಲಿ ಎಲ್ಲ ಉಲ್ಟಾ: ಗೇರು ಬಲಗಡೆ, ಬ್ರೇಕು ಎಡಗಡೆ. ಹನುಮಂತಪ್ಪ ಹೇಳಿದ್ದು ದಿಕ್ಕು, ನಾನು ಕೇಳಿಸಿಕೊಂಡದ್ದು ಶಕ್ತಿ. ಬಲ ಎಂದರೆ ಶಕ್ತಿ, ಸೈನ್ಯ, ಬಲಗಡೆ ಎಂದು ಪ್ರತಿ ವರ್ಷ ಮಕ್ಕಳಿಗೆ ನಾನಾರ್ಥ ಬರೆಸುವ ಮಹಾನುಭಾವ ನಾನೇ. ಮೆಕ್ಯಾನಿಕ್ ನನ್ನ ಮುಖ ನೋಡಿ ಧೈರ್ಯ ಹೇಳಿದ. "ಬೈಕ್ ಹೊಡ್ದು ರೂಢಿ ಇದ್ದೋರಿಗೆ ಇದು ಕಷ್ಟ ಸಾರ್. ನಿಮಗ ಹೆಂಗೂ ಏನೂ ಬರಂಗಿಲ್ಲಲ್ಲ, ಸಲೀಸಾಗ್ತೈತಿ." ನಾನು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದೆ.

ನಿಜಕ್ಕೂ ಸಲೀಸಾಯಿತು. ಭಾನುವಾರಗಳಂದು ಹನುಮಂತಪ್ಪ ಬಂದು ಗಾಡಿಯನ್ನೂ ನನ್ನನ್ನೂ ಈಸೂರಿಗೆ ಒಯ್ಯುತ್ತಿದ್ದ; ಅವನ ಕಣದಲ್ಲಿ ಸುತ್ತು ಹೊಡೆದು ಹೊಡೆದು ಕಲಿತೆ. ಒದ್ದು ಸ್ಟಾರ್ಟ್ ಮಾಡುವಾಗ ಮೊಣಕಾಲಿಗೆ ಏಟು ತಿಂದೆ, ಒಮ್ಮೆ ಕುರಿಹಟ್ಟಿಯ ಬೇಲಿಯೊಳಗೂ ಹೋಗಿ ಬಂದೆ. ಆದರೆ ಲೈಸೆನ್ಸು ಕೈಗೆ ಬಂದ ದಿನ ನನ್ನಷ್ಟು ಎದೆಯುಬ್ಬಿಸಿದವನು ತಾಲ್ಲೂಕಿನಲ್ಲಿ ಇರಲಿಲ್ಲ.

ಸೊರಬದ ದಿನವೂ ಬಂತು. ಸರೋಜ ಹಿಂದೆ ಕುಳಿತು, ಗೊತ್ತಿದ್ದ ದೇವರನ್ನೆಲ್ಲ ಒಂದೊಂದಾಗಿ ಕರೆಯತೊಡಗಿದಳು. ಶಿರಾಳಕೊಪ್ಪದ ದಾರಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಕಾಳಿನ ಮೇಲೆ ಚಕ್ರ ಸರಕ್ಕೆಂದಾಗ ನನ್ನ ಜೀವವೂ ಸರಕ್ಕೆಂದಿತು, ಬೈಕಿನ ಆಸೆ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಎಡಗಾಲು ಬ್ರೇಕನ್ನು ಮೆಲ್ಲಗೆ ಒತ್ತಿತು, ಗಾಡಿ ನೆಟ್ಟಗೆ ನಿಂತಿತು. ಶಿರಾಳಕೊಪ್ಪ ದಾಟಿದ ಮೇಲೆ ಸರೋಜ ದೇವರನ್ನು ಬಿಟ್ಟು ಪಕ್ಕದ ಮನೆಯವರ ವಿಷಯಕ್ಕೆ ಬಂದಳು. ಅವಳಿಗೆ ನನ್ನ ಮೇಲೆ ನಂಬಿಕೆ ಬಂದದ್ದು ನನಗೆ ಹಾಗೆ ತಿಳಿಯಿತು. ಬಹಳ ಖುಷಿಯಾಯಿತು.

ಮಾವನ ಅಂಗಳದಲ್ಲಿ ಗುಡುಗುಡು ಎಂದು ಇಳಿದಾಗ ಇಡೀ ಮನೆ ಹೊರಗೆ ಬಂತು. ಮಂಜುಗೆ ಮಾತ್ರ ತಡೆಯಲಾಗಲಿಲ್ಲ. "ಇದೇನ್ ಮಹಾ ಭಾವ, ಕೊಡಿ ಇಲ್ಲಿ, ಒಂದು ರೌಂಡ್ ಹೊಡ್ಕಂಡ್ ಬರ್ತೀನಿ" ಎಂದು ಹತ್ತಿಯೇಬಿಟ್ಟ.

"ನೋಡ್ಕೊಂಡು ಹೋಗು ಮಂಜು, ಗೇರು ಬಲ" ಎಂದೆ.

"ಇರ್ಲಿ ಬಿಡಿ, ನಂಗೂ ಬಲ ಇದೆ ಮಾರಾಯ್ರೆ."

ಬಿಡಿಸಿ ಹೇಳಬಹುದಿತ್ತು. ಬಿಡಿಸಿ ಹೇಳುವುದೇ ನನ್ನ ಉದ್ಯೋಗ. ಆದರೆ ಅಂದು ರಜೆಯಿತ್ತು. ಹೊರಡುವಾಗ ತಡಕಾಡಿ ಗೇರು ಹುಡುಕಿಕೊಂಡ ಮಂಜು, ತಿರುವಿನಲ್ಲಿ ರೂಢಿಯಂತೆ ಬಲಗಾಲಿನಲ್ಲಿ ಬ್ರೇಕೆಂದು ಗೇರನ್ನು ತುಳಿದ, ಮತ್ತೂ ತುಳಿದ, ಗಾಡಿಸಮೇತ ತಿಪ್ಪೆಗೆ ಹೋದ. ಗಾಡಿಗೆ ಏನೂ ಆಗಲಿಲ್ಲ. ಅವನ ಕಾಲು ಉಳುಕಿ ಊದಿಕೊಂಡಿತು.

ಆಸ್ಪತ್ರೆಗೆ ನಾನೇ ಬಿಡುತ್ತೇನೆ ಎಂದು ಮುಂದೆ ಬಂದೆ. ಮಂಜು ಕೈ ಮುಗಿದ. "ಜೀವ ಹೋದ್ರೂ ಅದರ ಮೇಲೆ ಕೂರಲ್ಲ." ಮಾವ ಒಳಗಿನಿಂದ ಅವನ ಹೊಸ ಬೈಕಿನ ಕೀಲಿ ತಂದು ನನ್ನ ಕೈಗಿಟ್ಟರು. "ಇವ್ನ ಗಾಡೀಲೇ ಕರ್ಕಂಡ್ ಹೋಗಿ ಅಳಿಯಂದ್ರೇ. ಅಷ್ಟು ದೊಡ್ಡ ಗಾಡಿ ಹೊಡೀತೀರಿ, ನಿಮಗಿದೇನ್ ಲೆಕ್ಕ!"

ಹೊಸ ಬೈಕನ್ನು ನೋಡಿದೆ. ಗೇರು ಎಡಗಡೆ. ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ನಡೆದಳು. ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಮಂಜುವಿನ ತೋಳನ್ನು ನನ್ನ ಹೆಗಲ ಮೇಲೆ ಎಳೆದುಕೊಂಡು, ಪಾಠ ಮಾಡುವ ಗಟ್ಟಿ ದನಿಯಲ್ಲಿ ಹೇಳಿದೆ: "ಉಳುಕಿದ ಕಾಲಿಗೆ ನಡಿಗೆಯಂಥ ಔಷಧಿ ಇನ್ನೊಂದಿಲ್ಲ ಮಂಜು. ನಡಿ."

ಆಸ್ಪತ್ರೆ ಊರಿನ ಆ ಕೊನೆಯಲ್ಲಿತ್ತು.