ಸೆಲ್ಫ್ ಹಿಡಿಯದ ಇಂಜಿನ್ನುಗಳ ಸಹವಾಸ

ನಗುವ ಮನಸ್ಸಿಲ್ಲದ ದಿನವೇ ನನ್ನ ಶೆಡ್ಡಿಗೆ ಇಂಥ ಇಂಜಿನ್ನುಗಳು ಬರುತ್ತವೆ. ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ; ಇಂಜಿನ್ನಿನ ಕೈಪಿಡಿಯನ್ನು ಅಕ್ಷರ ಕೂಡಿಸಿ ಓದಿ ಕೆಲಸ ಕಲಿತೆ. ಮೊಂಡು ಹಿಡಿದ ಹಳೆಯ ಡೀಸೆಲ್ ಇಂಜಿನ್ನು ಕೀಲಿ ತಿರುಗಿಸಿದ ಕೂಡಲೇ ಏಳಬೇಕು. ಅದೇ ಸೆಲ್ಫ್ ಹಿಡಿಸುವುದು, ಅದೇ ನನ್ನ ಕಸುಬು. ಸುತ್ತಲಿನ ಹಳ್ಳಿಗಳಿಗೆ ನಾನು ಸೆಲ್ಫಮ್ಮ. ಚಿಂತಾಮಣಿ ರಸ್ತೆಯಲ್ಲಿ ಬೋರ್ಡು ಹಾಕಿದ ದಿನ ಮಾವನವರು ಅಂದರು: "ಇದು ಹೆಂಗಸರ ಕೈಲಾಗೋ ಕೆಲಸ ಅಲ್ಲ ಕಣಮ್ಮ. ಒಂದು ಕೆಟ್ಟ ಮಾತು ಬರಲಿ, ಅವತ್ತೇ ಬೀಗ ಹಾಕಿಸ್ತೀನಿ." ಜಾಗ ಅವರದ್ದು. ಹಾಕಿಸಬಲ್ಲರು.

ದಿಬ್ಬ

ಪೆರೇಸಂದ್ರದ ರೈತರೊಬ್ಬರು ಎಂಟು ವರ್ಷದಿಂದ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಉರುಳಿಸಿಯೇ ಸ್ಟಾರ್ಟ್ ಮಾಡುತ್ತಿದ್ದರು. ದಿಬ್ಬವಿಲ್ಲದ ಹೊಲಕ್ಕೆ ಉಳಲು ಹೋಗುತ್ತಿರಲಿಲ್ಲ. ನೋಡಿದರೆ ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಮನೆಯ ಫ್ಯಾನಿನ ವೈರು ಎಳೆದಿದ್ದಾರೆ! ಹೆಬ್ಬೆರಳು ದಪ್ಪದ ಕೇಬಲ್ ಹಾಕಿಕೊಟ್ಟೆ. ಕೀಲಿಗೇ ಎದ್ದಿತು.

ಮೂರು ದಿನಕ್ಕೆ ಮುಖ ಸಣ್ಣ ಮಾಡಿಕೊಂಡು ಬಂದರು.

"ಕೆಟ್ಟೋಯ್ತಾ ಅಣ್ಣ?"

"ಇಲ್ಲಮ್ಮ, ಚೆನ್ನಾಗೈತೆ. ದಿಬ್ಬ ಇಲ್ಲ ಅಂತ ಬಾಮೈದನ ಹೊಲ ತಪ್ಪಿಸ್ಕೊಂಡಿದ್ದೆ. ಈಗ ಏನು ನೆಪ ಹೇಳಲಿ?"

ಹಬ್ಬದ ಬಣ್ಣ

ಆಯುಧಪೂಜೆಯ ಮಾರನೆಯ ದಿನ ದಿಬ್ಬೂರಹಳ್ಳಿಯ ಯಜಮಾನರೊಬ್ಬರು ಶೆಡ್ಡಿನ ಮುಂದೆ ಜನ ಸೇರುವಂತೆ ಕೂಗಾಡಿದರು: "ಏನಮ್ಮ ನಿನ್ನ ರಿಪೇರಿ? ಮೊನ್ನೆ ಟ್ರ್ಯಾಕ್ಟರ್ ಓಡ್ತಿತ್ತು, ಇವತ್ತು ಉಸಿರೇ ಇಲ್ಲ!"

ಜನರ ನಡುವೆ ಮಾವನವರೂ ನಿಂತಿದ್ದರು. ಹೋಗಿ ನೋಡಿದೆ. ಹಬ್ಬಕ್ಕೆಂದು ಇಂಜಿನ್ ಬಿಚ್ಚಿ, ಮೂಲೆಮೂಲೆಗೂ ಹಸಿರು ಬಣ್ಣ ಬಳಿದು, ಬ್ಯಾಟರಿಯ ಅರ್ತ್ ವೈರನ್ನು ಆ ಬಣ್ಣದ ಮೇಲೆಯೇ ಬಿಗಿದಿದ್ದರು. ಕರೆಂಟು ದಾಟುವುದೆಲ್ಲಿ? ಚಾಕುವಿನಿಂದ ಕೆರೆದೆ, ಎದ್ದಿತು.

ಮರುವರ್ಷ ಹಬ್ಬಕ್ಕೆ ಮೊದಲೇ ಬಂದು, ಬಣ್ಣ ಬಳಿಯಬಾರದ ಜಾಗಕ್ಕೆ ಗುರುತು ಹಾಕಿಸಿಕೊಂಡು ಹೋದರು. ಆ ಜಾಗಕ್ಕೆ ಒಂದು ಹನಿ ಬಣ್ಣ ಬೀಳಲಿಲ್ಲ. ಅರಿಶಿನ ಮೆತ್ತಿದ್ದರು.

ಬಳೆ

ಕಳವಾರದ ಹಳೆಯ ಇಂಜಿನ್ನೊಂದರಲ್ಲಿ ನಟ್ಟು ಬಿಗಿಯುವಾಗ ನನ್ನ ಚಿನ್ನದ ಬಳೆ ಬ್ಯಾಟರಿಗೂ ಇಂಜಿನ್ನಿಗೂ ಒಟ್ಟಿಗೆ ತಾಗಿತು. ಬಳೆ ಅರ್ಧ ಕರಗಿತು, ಮಣಿಕಟ್ಟು ಸುಟ್ಟಿತು. ಅಂದಿನಿಂದ ಬರಿಗೈ. ತಾಳಿ ಅಂಗಿಯೊಳಗೆ, ಕುಂಕುಮ ಬೆವರಿಗೆ ನಿಲ್ಲುವುದಿಲ್ಲ.

ನನ್ನ ಗಂಡ ಗೌರಿಬಿದನೂರಿನಲ್ಲಿ ಮೇಷ್ಟ್ರು, ಭಾನುವಾರಕ್ಕೊಮ್ಮೆ ಮನೆಗೆ ಬರುವವರು. ಅವರನ್ನು ಕಂಡವರು ಕಡಿಮೆ. ಒಂದು ಭಾನುವಾರ ನಾನು ಶೆಡ್ಡಿನಲ್ಲಿದ್ದಾಗ ನನ್ನ ಬರಿಗೈ ಕಂಡಿದ್ದ ಕಳವಾರದ ಆರು ಜನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಬಂದರು. ಬಾಗಿಲು ತೆರೆದವರು ಇವರೇ.

"ಯಾರು ಹೋದ್ರಮ್ಮ?"

"ಸೆಲ್ಫಮ್ಮನ ಯಜಮಾನ್ರಪ್ಪ. ದೇವರಂಥ ಮನುಷ್ಯ ಅಂತೆ, ಪಾಪ."

ಇವರು ಎಲ್ಲರಿಗೂ ಕಾಫಿ ಕೊಟ್ಟು, ಕೂತು ಪೂರ್ತಿ ಕೇಳಿಸಿಕೊಂಡರು.

ಸಂಜೆ ಮಾವನವರು ಬೀಗ ಹಿಡಿದೇ ಬಂದರು. "ಮಗ ಬದುಕಿರುವಾಗಲೇ ಮನೆಗೆ ಸಾವಿನ ಮಾತು ಬಂತು! ಬಳೆನೋ ಶೆಡ್ಡೋ, ಒಂದು ಹೇಳು."

ನಾನು ಬಾಯಿ ತೆರೆಯುವ ಮೊದಲು ಇವರು ಪೇಪರಿನಿಂದ ತಲೆಯೆತ್ತಿದರು. "ಅಪ್ಪಾ, ಸತ್ತೋನು ನಾನು. ನನಗೇ ಬೇಜಾರಿಲ್ಲ."

ಮಾವನವರು ಬೀಗವನ್ನು ಜೇಬಿಗೆ ಹಾಕಿಕೊಂಡರು.

ಈಗ ಆ ಜಾಗವನ್ನು ಅವರಿಂದಲೇ ಕೊಂಡಿದ್ದೇನೆ. ಶೆಡ್ಡೂ ನನ್ನದು, ಬೋರ್ಡಿನ ಮೇಲಿರುವ ಹೆಸರೂ ನನ್ನದು. ತೆತ್ತದ್ದು ಒಂದು ಬಳೆ, ಮಣಿಕಟ್ಟಿನ ಚರ್ಮ. ಆಮೇಲೆ ಇನ್ನೊಂದು: ಕೆಲವು ಮನೆಗಳವರು ಇವತ್ತಿಗೂ ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವುದಿಲ್ಲ. ಅವರ ಟ್ರ್ಯಾಕ್ಟರುಗಳು ಬರುತ್ತವೆ.